ಅತ್ಯಾ ಮಾಡಿದ ಅರಿಶಿನ ಕಾಗದ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಪುಣೆಯ ಕಾಲೇಜೊಂದರಲ್ಲಿ ನಾನು ಇಂಟರ್ ಸೈನ್ಸ್ ಓದುತ್ತಿದ್ದೆ. ರಸಾಯನಶಾಸ್ತ್ರದ ತರಗತಿಯಲ್ಲಿ ಹುಡುಗಿಯರು ನಾನೂ ಸೇರಿ ಇಬ್ಬರೇ. ವಿಲಾಯತಿಯಿಂದ ಸಾಮಾನು ಬರುವುದು ನಿಂತುಹೋಗಿತ್ತು. ಒಂದು ದಿನ ಪ್ರೊಫೆಸರು ಖಾಲಿ ಡಬ್ಬಿ ತೋರಿಸಿ, ಲಿಟ್ಮಸ್ ಕಾಗದ ಮುಗಿದಿದೆ, ಆಮ್ಲ ಯಾವುದು ಕ್ಷಾರ ಯಾವುದು ಎಂದು ಗುರುತಿಸುವ ಪ್ರಯೋಗವನ್ನು ಪುಸ್ತಕದಲ್ಲೇ ಓದಿಕೊಳ್ಳಿ ಎಂದರು.

ಮನೆಗೆ ಬಂದು ಗೊಣಗಿದೆ. ಕೇಳಿಸಿಕೊಂಡವಳು ನನ್ನ ಸೋದರತ್ತೆ. ನಾನು ಅವಳನ್ನು ಅತ್ಯಾ ಎಂದೇ ಕರೆಯುತ್ತಿದ್ದೆ. ಹನ್ನೆರಡನೆಯ ವಯಸ್ಸಿಗೆ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಧಾರವಾಡದಿಂದ ನನ್ನ ಅಪ್ಪನ ಹಿಂದೆ ಪುಣೆಗೆ ಬಂದವಳು. ಆಗ ಮೂವತ್ತೈದರ ಆಸುಪಾಸು. ಮನೆಯ ಬಟ್ಟೆಯೆಲ್ಲ ಒಗೆಯುತ್ತಿದ್ದವಳು ಅವಳೇ.

“ಬಣ್ಣ ತಿರುಗೂ ಕಾಗದ ಅಷ್ಟ ಬೇಕಲ್ಲೇನು?” ಎಂದಳು ಅತ್ಯಾ. “ಅರಿಶಿಣದ ಕಲೆ ಮ್ಯಾಲೆ ಸಬಕಾರ ಹಚ್ಚಿದ್ರ ಕೆಂಪಗಾಗ್ತದ. ಹುಣಸಿ ನೀರು ಹಾಕಿದ್ರ ಮತ್ತ ಹಳದಿ. ದಿನಾ ಒಗ್ಯೂ ಕಲ್ಲಿನ ಮ್ಯಾಲೆ ನೋಡ್ತೀನಿ.”

ಅಂದೇ ಅರಿಶಿನವನ್ನು ನೀರಿನಲ್ಲಿ ಕಲಸಿ ಕಾಗದ ಅದ್ದಿದೆವು. ಪುಡಿ ತಳಕ್ಕೆ ಕೂತಿತು, ಕಾಗದದ ಮೇಲೆ ಬರೀ ಚುಕ್ಕೆಗಳು. ಇದು ಮಿಶ್ರಣ ಅಷ್ಟೇ, ಸಕ್ಕರೆ ನೀರಿನಂಥ ದ್ರಾವಣವಲ್ಲ, ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ ಎಂದೆ.

“ಹಂಗಾರ ಯಾತರಾಗ ಕರಗ್ತದ?”

ಪುಸ್ತಕ ನೋಡಿ, ಸ್ಪಿರಿಟ್‌ನಲ್ಲಿ ಎಂದೆ. ಅದು ಸಾರಾಯಿಯ ಬಳಗ ಎಂದು ತಿಳಿದದ್ದೇ ಮುಖ ಕಿವುಚಿದಳು. ಮಡಿಯ ಹೆಂಗಸು. ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ತಾನಾಗಿಯೇ ಬಂದು, “ತಾ ಅದನ್ನ. ಹಿತ್ತಲದಾಗ ಮಾಡೋಣು, ಆಮ್ಯಾಲೆ ಸ್ನಾನ ಮಾಡ್ತೀನಿ” ಎಂದಳು.

ಈ ಸಲ ಕಾಗದ ಒಂದೇ ಸಮನೆ ಬಂಗಾರದ ಬಣ್ಣಕ್ಕೆ ತಿರುಗಿತು. ಅರ್ಧದಷ್ಟನ್ನು ಸುಣ್ಣದ ತಿಳಿಯಲ್ಲಿ ಅದ್ದಿ ಕೆಂಪಗೆ ಮಾಡಿದಳು. ಹಳದಿ ಕಾಗದ ಕ್ಷಾರವನ್ನು ಹಿಡಿಯಲು, ಕೆಂಪು ಕಾಗದ ಆಮ್ಲವನ್ನು ಹಿಡಿಯಲು. ಲಿಂಬೆಹುಳಿ ತಾಗಿದೊಡನೆ ಕೆಂಪು ಹಳದಿಯಾಯಿತು. ಅತ್ಯಾ ಹತ್ತು ಸಲ ಮಾಡಿ ಮಾಡಿ ನೋಡಿದಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಪ್ರೊಫೆಸರು ಕಾಗದಗಳನ್ನು ಪರೀಕ್ಷಿಸಿ, ಯಾರು ಮಾಡಿದ್ದೆಂದು ಕೇಳಿದರು. ಹೇಳಿದೆ. ಅವರನ್ನು ಕರೆದುಕೊಂಡು ಬಾ ಎಂದರು.

“ಮಂದಿ ಏನಂದಾರು?” ಎಂದು ಅಪ್ಪ ತಡೆದ. ಅತ್ಯಾ ಸೆರಗು ಹೊದ್ದು ನನ್ನ ಜೊತೆ ಹೊರಟೇಬಿಟ್ಟಳು.

ಪ್ರಯೋಗಶಾಲೆಯ ಬಾಗಿಲಲ್ಲಿ ಮಾತ್ರ ಅವಳ ಕಾಲು ನಿಂತಿತು. ಪ್ರೊಫೆಸರೇ ಎದ್ದು ಬಂದು, “ಯಾ ಬಾಯಿ, ಆತ ಯಾ” ಎಂದು ಮರಾಠಿಯಲ್ಲಿ ಒಳಗೆ ಕರೆದರು. ಕುರ್ಚಿ ಕೊಟ್ಟರು. ಕೂರದೆ ಬಾಟಲಿಗಳನ್ನೇ ನೋಡುತ್ತಿದ್ದ ಅತ್ಯಾ ನನ್ನ ಕಿವಿಯಲ್ಲಿ, “ಆಮ್ಲ ಕ್ಷಾರ ಎರಡೂ ಕೂಡಿಸಿದ್ರ ಯಾವುದರ ಗುಣ ಉಳೀತದ, ಕೇಳವಾ” ಎಂದಳು. ಕೇಳಿದೆ.

ಪ್ರೊಫೆಸರು ಖುಷಿಯಿಂದ ಅಂಗಿಯ ತೋಳು ಮಡಚಿದರು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡ ಎಂಬ ಕ್ಷಾರದ ನೀರನ್ನು ಹನಿಹನಿಯಾಗಿ ಬಿಡುತ್ತ, ಆಗಾಗ ನಮ್ಮ ಕಾಗದ ಮುಟ್ಟಿಸಿ ನೋಡಿದರು. ಕೊನೆಗೆ ಯಾವ ಕಾಗದವೂ ಬಣ್ಣ ಬದಲಿಸಲಿಲ್ಲ. ಆ ನೀರನ್ನು ಬಟ್ಟಲಲ್ಲಿ ಕಾಯಿಸಿದರು. ನೀರು ಆರಿ ತಳದಲ್ಲಿ ಬಿಳಿಯ ಹರಳು ಉಳಿಯಿತು.

“ಇದೇನ್ರಿ?”

“ಮೀಠ್” ಎಂದರು ಅವರು.

“ಉಪ್ಪ?” ಅತ್ಯಾ ನನ್ನ ಕೈ ಹಿಡಿದುಕೊಂಡಳು. “ಎರಡೂ ಬ್ಯಾರೆ ಇದ್ದಾಗ ಕೈ ಸುಡ್ತಾವಂತ. ಕೂಡಿದ್ರ ಉಪ್ಪ ಆತಲ್ಲಾ!”

ವಾರದೊಳಗೆ ಪ್ರೊಫೆಸರು ಒಂದು ಸುದ್ದಿ ಕೊಟ್ಟರು. ಹುಡುಗಿಯರ ಶಾಲೆಯೊಂದರ ಪ್ರಯೋಗಶಾಲೆಗೆ ಬಾಟಲಿ ತೊಳೆದು ಸಾಮಾನು ನೋಡಿಕೊಳ್ಳಲು ನಂಬಿಕೆಯ ಹೆಂಗಸೊಬ್ಬರು ಬೇಕಾಗಿದ್ದರು. ಅತ್ಯಾ ತಾನು ಹೋಗುತ್ತೇನೆಂದಳು. ಅಪ್ಪ ಸಿಡಿದೆದ್ದ. “ನಮ್ಮನಿ ಹೆಣ್ಣಮಗಳು ನೌಕರಿ ಮಾಡೂದೇನು?”

“ಅಣ್ಣಾ, ಇಪ್ಪತ್ತ ವರ್ಷ ನಿಮ್ಮ ಬಟ್ಟಿ ಒಗದೀನಿ. ಇನ್ನ ಗಾಜಿನ ಬಾಟ್ಲಿ ತೊಳೀತೀನಿ. ತಪ್ಪೇನದ ಹೇಳ್ರಿ” ಎಂದಳು ಅತ್ಯಾ. ತಲೆ ತಗ್ಗಿಸಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ನಮ್ಮ ಬಿಡಾರವಿದ್ದ ವಾಡೆಯ ಬಾಗಿಲಿಗೆ ಟಾಂಗಾ ಬಂದು ನಿಂತಿತ್ತು. ಅತ್ಯಾ ಶಾಲೆಗೆ ಹೋಗಲೆಂದು ಅಪ್ಪನೇ ಕರೆಸಿದ್ದ.

ಬಾಟಲಿಯ ಚೀಟಿ ಓದಲೆಂದು ಅತ್ಯಾ ನನ್ನಿಂದ ಇಂಗ್ಲಿಷ್ ಅಕ್ಷರ ಕಲಿತಳು. ಮುಂದಿನ ವರ್ಷ ಕ್ಷೌರಿಕನನ್ನು ಕರೆಸಬೇಡಿ ಎಂದಳು. ಯಾರೂ ಎದುರಾಡಲಿಲ್ಲ. ಅವಳ ಶಾಲೆಗೆ ನಾನೊಮ್ಮೆ ಹೋದಾಗ, ಬೆರಳುದ್ದ ಕೂದಲಿನ ಅತ್ಯಾ ಹತ್ತು ಹುಡುಗಿಯರ ನಡುವೆ ನಿಂತು, ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೇ ಆಮ್ಲವನ್ನು ನಿಧಾನವಾಗಿ ಬಿಡಬೇಕು ಎಂದು ತನ್ನ ಧಾರವಾಡದ ಮರಾಠಿಯಲ್ಲಿ ಗದರುತ್ತಿದ್ದಳು. ಹುಡುಗಿಯರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.