ಟವರ್ ಬೇಡ ಎಂದವರ ಮನವಿ

ಜೋಯಿಡಾ ತಾಲ್ಲೂಕಿನ ಆ ಉಪಕೇಂದ್ರಕ್ಕೆ ನಾನು ಆರೋಗ್ಯ ಸಹಾಯಕಿಯಾಗಿ ಹೋದಾಗ ನನ್ನ ಮೊಬೈಲಿನಿಂದ ಗಡಿಯಾರ ನೋಡುವುದು ಬಿಟ್ಟರೆ ಬೇರೆ ಯಾವ ಉಪಯೋಗವೂ ಇರಲಿಲ್ಲ. ನಾನು ದಾಂಡೇಲಿಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಅಲ್ಲೇ ನಿಂತವರು. ಅಷ್ಟು ಹತ್ತಿರದ ಊರಿನವಳಾದರೂ, ಒಂದು ಫೋನ್ ಮಾಡಲು ಗುಡ್ಡ ಹತ್ತಬೇಕೆಂಬುದು ಅಲ್ಲಿಗೆ ಹೋಗುವ ತನಕ ನನಗೆ ಗೊತ್ತಿರಲಿಲ್ಲ. ಹತ್ತಿಪ್ಪತ್ತು ಮನೆಗಳ ವಾಡೆಯಿಂದ ಅರ್ಧ ತಾಸು ಏರಿದರೆ ಒಂದು ಬಂಡೆ. ಅದರ ಮೇಲೆ ನಿಂತರೆ ಸಿಗ್ನಲ್ಲು ಸಿಗುತ್ತಿತ್ತು, ಮೋಡ ಕವಿದರೆ ಅದೂ ಇಲ್ಲ.

ವಾಡೆಗೂ ರಸ್ತೆಗೂ ನಡುವೆ ಒಂದು ರೆಸಾರ್ಟಿತ್ತು. ಅದರ ಮಾಲೀಕರು ಬೆಳಗಾವಿ ಕಡೆಯವರು. ಐವತ್ತು ದಾಟಿದ ಮನುಷ್ಯ. ಯಾವಾಗಲೂ ಖಾದಿ ಅಂಗಿ, ಕೊರಳಲ್ಲಿ ರುದ್ರಾಕ್ಷಿ, ಬಾಯಲ್ಲಿ ಪ್ರಕೃತಿ. ಅತಿಥಿಗಳಿಗೆ ಅವರು ಮಾರುತ್ತಿದ್ದುದೇ ನೆಟ್‌ವರ್ಕ್ ಇಲ್ಲದ ಶಾಂತಿಯನ್ನು. ಅವರ ಆಫೀಸಿನ ಹಿಂದಿನ ಮಾಡಿನ ಮೇಲೆ ಮಾತ್ರ ಒಂದು ಬಿಳಿ ಡಿಶ್ ಇತ್ತು. ಬುಕಿಂಗ್ ನೋಡಿಕೊಳ್ಳಲು ಅವರಿಗೆ ಇಂಟರ್ನೆಟ್ ಬೇಕಲ್ಲ!

ವಾಡೆಯ ಪಕ್ಕದ ಸರಕಾರಿ ಜಾಗದಲ್ಲಿ ಟವರ್ ನಿಲ್ಲಿಸುತ್ತಾರೆಂಬ ಸುದ್ದಿ ಬಂದ ವಾರವೇ ಅವರು ಜೀಪಿನಲ್ಲಿ ನಮ್ಮ ಉಪಕೇಂದ್ರಕ್ಕೆ ಬಂದರು. ಕೈಯಲ್ಲಿ ಟೈಪ್ ಮಾಡಿಸಿದ ಮನವಿ.

"ಸಿಸ್ಟರ್, ಇದಕ್ಕ ನಿಮ್ಮದೊಂದು ಸಹಿ ಬೇಕ್ರಿ. ನೀವು ಆರೋಗ್ಯ ಇಲಾಖೆಯವ್ರು, ನೀವು ಸಹಿ ಮಾಡಿದ್ರ ವಜನ ಬರ್ತೈತಿ."

ಓದಿದೆ. ಟವರ್ ಬಂದರೆ ಹೆಂಗಸರಿಗೆ ಗರ್ಭ ನಿಲ್ಲುವುದಿಲ್ಲ, ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ, ಜೇನುಹುಳ ಸಾಯುತ್ತದೆ, ಗುಬ್ಬಿ ಓಡಿಹೋಗುತ್ತದೆ. ಕೆಳಗೆ ವಾಡೆಯವರ ಹೆಬ್ಬೆಟ್ಟುಗಳು ಸಾಲಾಗಿದ್ದವು.

"ಇದನ್ನ ಯಾರು ಹೇಳಿದ್ರು ನಿಮಗ?"

"ವಾಟ್ಸಾಪಿನ್ಯಾಗ ಎಲ್ಲಾ ಐತ್ರಿ, ವಿಡಿಯೋ ಸಮೇತ."

ನಗು ತಡೆಯಲಾಗಲಿಲ್ಲ. ಟವರ್ ವಿಷವೆಂಬುದನ್ನು ಅವರು ತಿಳಿದುಕೊಂಡದ್ದೂ ಮೊಬೈಲಿನಿಂದಲೇ. ಸಹಿ ಮಾಡುವುದಿಲ್ಲ ಎಂದೆ. ಅವರ ಮುಖ ಬಿಗಿಯಿತು. "ಪಗಾರಕ್ಕ ದುಡಿಯೋರಿಗೆ ಕಾಡಿನ ಬೆಲಿ ಹೆಂಗ ತಿಳೀಬೇಕು" ಎಂದು ಜೀಪು ಹತ್ತಿದರು. ನಾನು ಆ ವಾಡೆಗೆ ವಾರಕ್ಕೆರಡು ಸಲ ಜಿಗಣೆ ಕಿತ್ತುಕೊಳ್ಳುತ್ತ ನಡೆದು ಹೋಗುವವಳು. ಅವರು ಜೀಪಿನಿಂದ ಇಳಿದು ಕಾಡಿನಲ್ಲಿ ಹತ್ತು ಹೆಜ್ಜೆ ಇಟ್ಟದ್ದನ್ನು ನಾನು ಕಂಡಿಲ್ಲ.

ಆ ಹೆಬ್ಬೆಟ್ಟುಗಳಲ್ಲಿ ಒಂದು ನನಗೆ ಚೆನ್ನಾಗಿ ಗೊತ್ತಿದ್ದ ಹೆಂಗಸಿನದು. ರೆಸಾರ್ಟಿನಲ್ಲಿ ಚಾದರ ಒಗೆಯುವ ಕೆಲಸ ಅವಳಿಗೆ. ಎರಡು ವರ್ಷದ ಹಿಂದೆ ಅವಳ ಮನೆಯಲ್ಲೇ ಹೆರಿಗೆಯಾಯಿತು. ನೋವು ಬೇಗ ಬಂತು, ನಾನು ಮುಟ್ಟುವ ಹೊತ್ತಿಗೆ ಮಗು ಹುಟ್ಟಿತ್ತು. ಮಗು ಚೆನ್ನಾಗಿತ್ತು. ತಾಯಿಗೆ ರಕ್ತ ನಿಲ್ಲಲೇ ಇಲ್ಲ. ಇದ್ದ ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ಒತ್ತಿ ಹಿಡಿದು ಕೂತೆ, ಗಂಡನನ್ನು ಅಂಬುಲೆನ್ಸಿಗೆ ಫೋನ್ ಮಾಡಲು ಓಡಿಸಿದೆ. ಬೆಳಗ್ಗೆ ಹತ್ತಕ್ಕೆ ಹೋದವನು ಹನ್ನೆರಡು ದಾಟಿದ ಮೇಲೆ ಬಂದ. ಅಷ್ಟರಲ್ಲಿ ನಾನು ಕೂತಿದ್ದ ಚಾಪೆ ತೊಯ್ದುಹೋಗಿತ್ತು. ಕಂಬಳಿಯಲ್ಲಿ ಕಟ್ಟಿ ಗಂಡಸರು ಅವಳನ್ನು ರಸ್ತೆಗೆ ಹೊತ್ತರು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ನಾನು ಆ ಗಂಡನನ್ನು ಎಲ್ಲರೆದುರು ಬೈದಿದ್ದೆ. ಅವನು ತಲೆ ತಗ್ಗಿಸಿ ನಿಂತಿದ್ದ, ಅಷ್ಟೆ.

ಗರ್ಭ ನಿಲ್ಲುವುದಿಲ್ಲ ಎಂಬ ಕಾಗದಕ್ಕೆ ಅವಳಿಂದಲೇ ಹೆಬ್ಬೆಟ್ಟು ಒತ್ತಿಸಿದ್ದರು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಮಾಲೀಕರು ಪಟ್ಟಣದಿಂದ ಒಬ್ಬ ಪ್ರಕೃತಿ ಚಿಕಿತ್ಸೆಯವರನ್ನು ಕರೆತಂದಿದ್ದರು. ಆ ಮಹಾಶಯರು ಟಾರ್ಚಿನಂಥ ಒಂದು ಯಂತ್ರ ಹಿಡಿದು, ಅದು ಕುಂಯ್ ಎಂದಾಗಲೆಲ್ಲ "ನೋಡ್ರಿ, ರೇಡಿಯೇಶನ್!" ಎನ್ನುತ್ತಿದ್ದರು. ಟವರ್ ಇನ್ನೂ ಬಂದೇ ಇರಲಿಲ್ಲ. ಯಂತ್ರ ಯಾಕೆ ಕೂಗುತ್ತದೆಂದು ಪಂಚಾಯಿತಿಯವರು ಯಾರೂ ಕೇಳಲಿಲ್ಲ. ಅವರ ಕಣ್ಣೆಲ್ಲ ರೆಸಾರ್ಟಿನಿಂದ ಬಂದ ಊಟದ ಡಬ್ಬಿಗಳ ಮೇಲಿತ್ತು.

ಆಗ ಹೆಂಗಸರ ಸಾಲಿನಿಂದ ಚಾದರ ಒಗೆಯುವ ಅವಳು ಎದ್ದಳು. ಮನೆಮಾತು ಕೊಂಕಣಿಯಾದರೂ ಮಾಲೀಕರಿಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು.

"ಸಾವ್ಕಾರ್ರ, ನಾ ಹಡೆದ ದಿವಸ ನನ್ನ ಗಂಡ ಮೊದಲ ನಿಮ್ಮ ಗೇಟಿಗೇ ಬಂದಿದ್ದ. ಒಂದು ಫೋನ್ ಮಾಡಿ ಕೊಡ್ರಿ ಅಂತ ಅತ್ತಾನ. ರೂಮಿನ ಪಾವಣ್ಯಾರು ನಾಷ್ಟಾಕ್ಕ ಕುಂತಾರ, ಒಳಗ ಬರಬ್ಯಾಡ ಅಂದ್ರು ನಿಮ್ಮ ಮಂದಿ. ಅವ ಗೇಟಿನ್ಯಾಗ ಕಾದು ಕಾದು ಆಮ್ಯಾಲೆ ಗುಡ್ಡಾ ಹತ್ತಿದ. ಟವರ್ ಬಂದ್ರ ಬಸಿರು ನಿಲ್ಲೂದಿಲ್ಲ ಅಂತೀರಿ. ನನಗ ಇನ್ನ ಯಾವ ಬಸಿರು ನಿಲ್ಲಬೇಕೈತ್ರಿ?"

ನಾನು ಅವಳ ಗಂಡನತ್ತ ನೋಡಿದೆ. ಅವನು ಅಂದಿನಂತೆಯೇ ನೆಲ ನೋಡುತ್ತಿದ್ದ. ಅಂದು ನಾನು ಬೈದದ್ದು ನೆನಪಾಯಿತು. ಅಷ್ಟು ಹೊತ್ತು ಮಾಲೀಕರ ಮೇಲಿದ್ದ ತಾತ್ಸಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು ಎನ್ನಿಸಿತು.

ಮಾಲೀಕರು ಏನೆಂದರು ಗೊತ್ತೆ? "ಆವತ್ತ ನಾ ಊರಾಗ ಇರಲಿಲ್ಲವ್ವಾ. ಅದಿರಲಿ, ಭಾವನಾ ಬ್ಯಾರೆ, ವಿಜ್ಞಾನ ಬ್ಯಾರೆ." ಇಷ್ಟು ಹೇಳಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮರುದಿನದಿಂದ ಚಾದರ ಒಗೆಯಲು ಅವಳನ್ನು ಕರೆಯಲಿಲ್ಲ. ಆದರೆ ಮೂರೇ ದಿನದಲ್ಲಿ ವಾಡೆಯವರು ಒಬ್ಬೊಬ್ಬರಾಗಿ ಪಂಚಾಯಿತಿಗೆ ಹೋಗಿ ಮನವಿಯಿಂದ ತಮ್ಮ ಹೆಬ್ಬೆಟ್ಟು ವಾಪಸು ಪಡೆದರು. ಅವಳ ಗಂಡ ಎಲ್ಲರಿಗಿಂತ ಮುಂದೆ ಹೋಗಿದ್ದನಂತೆ.

ಟವರ್ ಕಟ್ಟುವಾಗ ಅವಳು ಒಂದು ಮಧ್ಯಾಹ್ನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಉಪಕೇಂದ್ರಕ್ಕೆ ಬಂದಳು.

"ಸಿಸ್ಟರ್, ಖರೇ ಹೇಳ್ರಿ. ಇದರಿಂದ ಏನೂ ಆಗೂದಿಲ್ಲೇನು?"

ಎಲ್ಲರೆದುರು ಅಷ್ಟು ಮಾತಾಡಿದವಳ ಮನಸ್ಸಿನಲ್ಲೂ ಆ ಕಾಗದದ ಹೆದರಿಕೆ ಉಳಿದಿತ್ತು. ಅಂಥ ಕಾಗದ ಬರೆಯುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಹೆದರಿಸಿ ಹೋಗಿಬಿಡುತ್ತಾರೆ, ಹೆದರಿಕೆ ಮಾತ್ರ ಬಡವರ ಮನೆಯಲ್ಲೇ ಉಳಿಯುತ್ತದೆ. ನಾನು ವಿಜ್ಞಾನಿಯಲ್ಲ. ತರಬೇತಿಯಲ್ಲಿ ಡಾಕ್ಟರು ಹೇಳಿದ್ದನ್ನು ಹೇಳಿದೆ: ಟವರಿನಿಂದ ಬರುವ ಅಲೆಗಳ ಶಕ್ತಿ ಬಹಳ ಕಡಿಮೆ, ಅವುಗಳಿಂದ ಕಾಯಿಲೆ ಬರುತ್ತದೆ ಎನ್ನಲು ಈವರೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ, ಸಂಶೋಧನೆ ಇನ್ನೂ ನಡೆಯುತ್ತಿದೆ. "ದಾಂಡೇಲ್ಯಾಗಿರೋ ನನ್ನ ಮಗಳು ಇಲ್ಲಿದ್ದಿದ್ರೂ ನಾ ಏನೂ ಹೆದರ್ತಿರಲಿಲ್ಲ" ಎಂದೂ ಹೇಳಿದೆ. ಅವಳು "ಹಂಗಾರ ಆತು" ಎಂದು ಮಗುವಿನ ಚುಚ್ಚುಮದ್ದಿನ ಕಾರ್ಡು ತೆಗೆದಳು.

ಟವರ್ ಬಂತು. ಹೋದ ಮಳೆಗಾಲದಲ್ಲಿ ಮೂರು ಸಲ ಅಂಬುಲೆನ್ಸನ್ನು ಮನೆಯ ಅಂಗಳದಿಂದಲೇ ಕರೆದಿದ್ದಾರೆ. ಈಗ ಅವಳು ನಮ್ಮ ತಾಲ್ಲೂಕಿನದೇ ಆದ ರಾಮನಗರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ರೆಸಾರ್ಟಿನವರ ಹೊಸ ಬೋರ್ಡಿನಲ್ಲಿ ಶಾಂತಿಯ ಕೆಳಗೆ "ಫುಲ್ ನೆಟ್‌ವರ್ಕ್" ಎಂದೂ ಸೇರಿದೆ. ನನಗೆ ಆಶ್ಚರ್ಯವಾಗಲಿಲ್ಲ.

ಆದರೆ ಆ ಟವರಿಗೂ ಕರೆಂಟು ಬೇಕು. ಮರ ಬಿದ್ದು ತಂತಿ ಹರಿದರೆ ಬ್ಯಾಟರಿ ಅರ್ಧ ದಿನ ನಡೆದು ಸತ್ತುಹೋಗುತ್ತದೆ. ಒಮ್ಮೆ ನಾಲ್ಕು ದಿನ ಸತ್ತೇ ಇತ್ತು. ಇಲಾಖೆಯ ಮೀಟಿಂಗಿಗೆ ಪೇಟೆಗೆ ಹೋದಾಗ ಟವರ್ ಕಂಪನಿಯ ಎಂಜಿನಿಯರನ್ನು ಅವನ ಆಫೀಸಿನಲ್ಲೇ ಹುಡುಕಿ, ಬಸಿರಿಯರಿರುವ ಊರು, ಒಂದು ಜನರೇಟರಾದರೂ ಕೊಡಿ ಎಂದು ಅರ್ಜಿ ಚಾಚಿದೆ. ಅವನು ಅದನ್ನು ಮುಟ್ಟಲೇ ಇಲ್ಲ.

"ಮೇಡಂ, ಕಾಗದ ತಗೊಳ್ಳೂದಿಲ್ರಿ. ನೆಟ್‌ವರ್ಕ್ ಹೋದಾಗ ಅದೇ ಜಾಗಾದಿಂದ ನಮ್ಮ ನಂಬರಿಗೆ ಫೋನ್ ಮಾಡಿ ದೂರು ಬರಸ್ಬೇಕು."

ಅವನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ಅರ್ಜಿಯನ್ನು ಅವನ ಮೇಜಿನ ಮೇಲೆ ಇಟ್ಟು, ಹಾರಿಹೋಗದಂತೆ ಅವನ ಚಹಾದ ಲೋಟವನ್ನೇ ಅದರ ಮೇಲೆ ಕೂರಿಸಿ ಬಂದೆ.