ನೂಕುವ ಜೀಪಿಗೆ ಹೊಸ ಸ್ಟಾರ್ಟರು

ಸ್ವಲ್ಪ ತಾಳಿ, ಕೀಲಿ ತಿರುಗಿಸಿದ ಮೇಲೆ ಏನಾಯಿತೆಂದು ಈಗಲೇ ಹೇಳಿದರೆ ಮಜಾ ಇರುವುದಿಲ್ಲ. ಮೊದಲು ಒಂದು ತಪ್ಪೊಪ್ಪಿಗೆ: ಜುಗೂಳದ ನಮ್ಮ ಮನೆಯ ಹಳೆಯ ಡೀಸೆಲ್ ಜೀಪಿಗೆ ಮೂರು ವರ್ಷ ಸ್ಟಾರ್ಟರ್ ಆಗಿದ್ದವಳು ನಮ್ಮವ್ವ.

ಅಪ್ಪ ಸ್ಟೇರಿಂಗ್ ಹಿಡಿದು ಕೂರುತ್ತಿದ್ದ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಪ್ಯಾಂಟು ಮಡಚಿ, ಹಿಂದಿನಿಂದ ನೂಕುತ್ತಿದ್ದೆವು. ಇಂಜಿನ್ನು ಕೆಮ್ಮಿ ಎದ್ದೊಡನೆ ಓಡಿ ಹಿಂದಿನ ಬಾಗಿಲಿನಿಂದಲೇ ಹತ್ತಿಕೊಳ್ಳಬೇಕು. ಹೊಸ ಸ್ಟಾರ್ಟರ್ ಹಾಕೋಣವೆಂದರೆ ಅಪ್ಪನದು ಒಂದೇ ಮಾತು: “ಮನ್ಯಾಗ ಇಬ್ರು ಗಟ್ಟಿಮುಟ್ಟ ಅದೀರಿ, ಮತ್ತ್ಯಾಕ ಸ್ಟಾರ್ಟರ್?”

ಹೋದ ವಾರ ಮಿರಜದಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಿದೆವು. ಬಗ್ಗಬಾರದು, ಭಾರ ಎತ್ತಬಾರದು, ಏನನ್ನೂ ನೂಕಬಾರದು ಎಂದರು ಡಾಕ್ಟರು. ಸೋಮವಾರ ಮತ್ತೆ ತೋರಿಸಬೇಕು. ಅವ್ವನೋ, “ಒಂದ್ ದಪಾ ನೂಕಿದ್ರ ಕಣ್ಣೇನ್ ಕೆಳಗ ಬೀಳ್ತೈತೇನ್ಲೇ?” ಎನ್ನುತ್ತಿದ್ದಳು. ಓಣಿಯವರನ್ನು ಕರೆಯಬಹುದಿತ್ತು. ಆದರೆ ಮೂವರು ಬಂದರೆ ನಾಲ್ಕನೆಯವಳಾಗಿ ಕೈ ಹಚ್ಚುವವಳು ಅವಳು. ನನ್ನ ಹೆದರಿಕೆ ಅದೇ. ರವಿವಾರ ಬೆಳಿಗ್ಗೆ, ನಾನೇ ಕೊಂಡು ತಂದ ಹೊಸ ಸ್ಟಾರ್ಟರ್ ಎದುರಿಗಿಟ್ಟುಕೊಂಡು ಅಂಗಳದಲ್ಲಿ ಕೂತೆ.

ವಿಚಿತ್ರ ಪ್ರಾಣಿ ಅದು. ಅದರ ದುಡಿಮೆ ಎರಡು ಸೆಕೆಂಡು ಅಷ್ಟೇ. ಪುಟ್ಟ ಹಲ್ಲಿನ ಗಾಲಿಯನ್ನು ಮುಂದೆ ಚಾಚಿ, ಇಂಜಿನ್ನಿನ ದೊಡ್ಡ ಗಾಲಿಯನ್ನು ಕಚ್ಚಿ ತಿರುಗಿಸಿ, ಅದು ಎದ್ದೊಡನೆ ಹಿಂದೆ ಸರಿದುಬಿಡುತ್ತದೆ. ಬಯಲಾಟದಲ್ಲಿ ಗಣಪತಿಯ ಪದ ಹಾಡಿ, ಪರದೆಯ ಹಿಂದೆ ಚಹಾಕ್ಕೆ ಹೋಗುವವನಂತೆ. ಅವನಿಲ್ಲದೆ ಆಟ ಶುರುವಾಗದು. ಶುರುವಾದ ಮೇಲೆ ಅವನ ನೆನಪು ಯಾರಿಗೂ ಇರದು.

ನನ್ನ ಗುರುಗಳೆಂದರೆ ಮೊಬೈಲಿನ ವಿಡಿಯೋಗಳು. ಅಲ್ಲಿ ಬೋಲ್ಟುಗಳು ಬೆಣ್ಣೆಯಂತೆ ಬಿಚ್ಚುತ್ತವೆ. ನಮ್ಮವಕ್ಕೆ ಕಬ್ಬಿನ ಹೊಲದ ಎರೆಮಣ್ಣು ಸಿಮೆಂಟಿನಂತೆ ಮೆತ್ತಿತ್ತು. ಬ್ಯಾಟರಿಯ ತಂತಿ ಕಳಚಿ ಜೀಪಿನಡಿ ಮಲಗಿದೆ. ಅಪ್ಪ ಟಾರ್ಚ್ ಹಿಡಿದ. ತಾನು ನೋಡಬೇಕೆಂದಲ್ಲಿ ಬೆಳಕು, ನಾನು ನೋಡಬೇಕಾದಲ್ಲಿ ಕತ್ತಲು. ಹಳೆಯದನ್ನು ಇಳಿಸಿ ಬಿಚ್ಚಿದರೆ ಒಳಗೆ ಕರೆಂಟು ದಾಟಿಸುವ ಇಂಗಾಲದ ತುಂಡುಗಳು ಸವೆದು ಉಗುರಿನಷ್ಟೇ ಉಳಿದಿದ್ದವು. ಹೊಸದನ್ನು ಕೂರಿಸಿ, ತಂತಿ ಜೋಡಿಸಿ, ಕೀಲಿ ತಿರುಗಿಸಿದೆ.

ಟಿಕ್. ಅಷ್ಟೇ.

“ವಿಡಿಯೋದಾಗೂ ಹಿಂಗ ಟಿಕ್ ಅಂತೈತೇನ್ರೀ ಸಾಹೇಬ್ರ?” ಎಂದ ಅಪ್ಪ.

“ಬಿಡ್ಲೇ, ನಾಳೆ ನಾ ಅದೀನಲ್ಲ,” ಎಂದಳು ಅವ್ವ. ಅಪ್ಪನ ಚುಚ್ಚುಮಾತಿಗಿಂತ ಈ ಧೈರ್ಯವೇ ನನ್ನನ್ನು ಹೆಚ್ಚು ಕಾಡಿತು.

ಕೂತು ಯೋಚಿಸಿದೆ. ತಂತಿಯಲ್ಲಿ ಹೋದ ಕರೆಂಟು ಬ್ಯಾಟರಿಗೆ ಮರಳುವುದು ಹೇಗೆ? ಜೀಪಿನ ಮೈಯೇ ಅದರ ವಾಪಸು ದಾರಿ. ಮೈಗೂ ಬ್ಯಾಟರಿಗೂ ನಂಟು ಒಂದು ದಪ್ಪ ತಂತಿ. ಅದು ಸೇರುವ ಜಾಗ ನೋಡಿದೆ. ಬೆಳ್ಳಿಯಂತೆ ಹೊಳೆಯುತ್ತಿತ್ತು. ಹೋದ ದಸರೆಯಲ್ಲಿ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆಂದು, ಆ ತಂತಿ ಬಿಚ್ಚಿ, ಅದರಡಿಯೂ ಭಕ್ತಿಯಿಂದ ಎರಡು ಕೋಟು ಬೆಳ್ಳಿಬಣ್ಣ ಬಳಿದು, ಮತ್ತೆ ಬಿಗಿದವನು ನಾನೇ! ಹಳೆಯ ಸ್ಟಾರ್ಟರ್ ಮೊದಲೇ ಸತ್ತಿದ್ದರಿಂದ ನನ್ನ ಪಾಪ ಹೊರಬಿದ್ದಿರಲಿಲ್ಲ. ಬಣ್ಣದ ಮೇಲೆ ಕರೆಂಟು ನಡೆಯುವುದಿಲ್ಲ.

“ಅವತ್ತ ನಿನ್ನ ಮಾರಿಗೂ ಒಂದ್ ಕೋಟ್ ಹೊಡಕೋಬೇಕಿತ್ತು,” ಎಂದು ಅವ್ವ ಉಸುಕುಕಾಗದ ಕೈಗಿತ್ತಳು. ಕಬ್ಬಿಣ ಕಾಣುವವರೆಗೆ ಉಜ್ಜಿ, ತಂತಿ ಬಿಗಿದೆ. ಕೀಲಿ ತಿರುಗಿಸಿದೆ. ಗುರ್ರ್! ಎದುರು ಮನೆಯ ಕೋಳಿಗಳು ಹಾರಿದವು.

ಸೋಮವಾರ ಅಪ್ಪ ಗತ್ತಿನಿಂದ ಕೀಲಿ ತಿರುಗಿಸಿದ. ಜೀಪು ನಿಂತಲ್ಲೇ ಎದ್ದಿತು. ಅವ್ವ ಎಲ್ಲಿ? ಹಿಂದೆ, ಸೆರಗು ಸಿಕ್ಕಿಸಿ, ಕೈ ಚಾಚಿ ನಿಂತಿದ್ದಳು.

“ಅಯ್ಯ, ನಾ ಇನ್ನೂ ಕೈನ ಹಚ್ಚಿಲ್ಲಲ್ಲೋ!”

ಅಪ್ಪ ತನ್ನ ಪಕ್ಕದ ಸೀಟನ್ನು ಟವೆಲಿನಿಂದ ಝಾಡಿಸಿದ. “ಮುಂದ ಬಂದ್ ಕುಂದ್ರು ಬಾ.”

ಹಿಂದೆ ಕೂತವನು ನಾನೊಬ್ಬನೇ. ಕಾಗವಾಡ ದಾಟುವಾಗ ಅವ್ವ ಎಂದಳು, “ದಾರಿ ಬ್ಯಾರೇನ ಕಾಣಾಕತ್ತೈತಿ.”

“ಕಣ್ಣ ಹೊಸಾದ್ ಆಗೈತಲ್ಲ,” ಎಂದ ಅಪ್ಪ.

“ಕಣ್ಣಲ್ರೀ, ಸೀಟ.”

ಅಪ್ಪ ಅದೇ ಟವೆಲಿನಿಂದ ಅವಳ ಮುಂದಿನ ಗಾಜನ್ನೂ ಒರೆಸಿದ.

ನಿಮ್ಮ ಮನೆಯ ಹಳೆಯ ಗಾಡಿಯನ್ನು ಯಾರು ನೂಕುತ್ತಿದ್ದರು? ನನಗೊಂದು ಸಾಲು ಬರೆಯಿರಿ. ಅವರು ಯಾವ ಸೀಟಿನಲ್ಲಿ ಕೂರುತ್ತಿದ್ದರು ಎಂಬುದನ್ನು ಮಾತ್ರ ಮರೆಯಬೇಡಿ.