ಮೇಲಿನ ಎರಡು ಹಲ್ಲು

ಸ್ಯಾಕ್ಸೋಫೋನ್ ಊದುವವನ ಬಾಳು ಮೇಲಿನ ಸಾಲಿನ ಮುಂದಿನ ಎರಡು ಹಲ್ಲಿನ ಮೇಲೆ ನಿಂತಿರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಜನ ಬೆರಳು ನೋಡುತ್ತಾರೆ, ಉಬ್ಬಿದ ಕೆನ್ನೆ ನೋಡುತ್ತಾರೆ. ಮೌತ್‌ಪೀಸನ್ನು ಕೆಳಗಿನಿಂದ ತುಟಿ ಹಿಡಿದರೆ, ಮೇಲಿನಿಂದ ಅದನ್ನು ಕದಲದಂತೆ ಇಡುವುದು ಆ ಎರಡು ಹಲ್ಲು. ಮೂವತ್ತು ವರ್ಷ ಮದುವೆ ಹಾಲ್‌ಗಳಲ್ಲಿ ಊದಿದ ನನಗೂ ಇದು ಸರಿಯಾಗಿ ಗೊತ್ತಾದದ್ದು ಬೆಳ್ತಂಗಡಿಯ ಒಂದು ಮದುವೆಯಲ್ಲಿ. ಧಾರೆಯ ಹೊತ್ತಿಗೆ ಮೇಲಿನ ಷಡ್ಜಕ್ಕೆ ಏರಿದೆ. ಹಲ್ಲು ಹಿಂದಕ್ಕೆ ಸರಿದಂತಾಗಿ ಸ್ವರ ಒಡೆಯಿತು. ಡೋಲಿನವನು ನನ್ನ ಮುಖ ನೋಡಿದ. ನಾನು ಮೌತ್‌ಪೀಸಿಗೆ ಕಟ್ಟುವ ಬಿದಿರಿನಂಥ ಸೀಳು, ರೀಡ್, ಸರಿಯಿಲ್ಲ ಎಂದು ಬೈದೆ. ಆದರೆ ಮೌತ್‌ಪೀಸಿನ ಮೇಲೆ ರಕ್ತ ಇತ್ತು.

ನನಗೆ ಸಕ್ಕರೆ ಕಾಯಿಲೆ ಶುರುವಾಗಿ ಹನ್ನೆರಡು ವರ್ಷವಾಗಿದೆ. ಕಾಲು ನೋಡಿಕೊಳ್ಳಿ, ಕಣ್ಣು ನೋಡಿಕೊಳ್ಳಿ ಎಂದು ಎಲ್ಲರೂ ಹೇಳಿದ್ದರು. ವಸಡಿನ ಸುದ್ದಿ ಯಾರೂ ಎತ್ತಿರಲಿಲ್ಲ, ಅಥವಾ ಎತ್ತಿದ್ದರೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮರುವಾರ ಹೆಂಡತಿಯನ್ನು ಕರೆದುಕೊಂಡು ಮೂಡುಬಿದಿರೆಯ ಹಲ್ಲಿನ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸಿ, ಎಷ್ಟು ಮಿಲಿಮೀಟರ್ ಆಳ ಹೋಯಿತೆಂದು ಕೂಗಿ ಹೇಳುತ್ತಿದ್ದರು. ನರ್ಸ್ ಬರೆದುಕೊಳ್ಳುತ್ತಿದ್ದಳು. ಎರಡು, ಮೂರು, ಮೂರು. ತಾಳ ಹಾಕಿ ಅಭ್ಯಾಸವಿರುವ ನನ್ನ ಬೆರಳು ತನ್ನಷ್ಟಕ್ಕೆ ಕುರ್ಚಿಯ ಕೈಮೇಲೆ ಎಣಿಸತೊಡಗಿತು. ಮೇಲಿನ ಎರಡು ಹಲ್ಲು ಬಂದಾಗ ಏಳು, ಮತ್ತೆ ಏಳು. ಬೆರಳು ನಿಂತಿತು.

ಹಲ್ಲಿನ ಚಿತ್ರವಿದ್ದ ಕಾಗದದಲ್ಲಿ ಉಳಿದದ್ದನ್ನೆಲ್ಲ ಪೆನ್ನಿನಲ್ಲಿ ಬರೆಸಿದ ಡಾಕ್ಟರು, ಆ ಎರಡರ ಮೇಲೆ ಮಾತ್ರ ತಾವೇ ಪೆನ್ಸಿಲಿನಲ್ಲಿ ಪ್ರಶ್ನೆಯ ಗುರುತು ಹಾಕಿದರು. ಇವು ಉಳಿಯುತ್ತವೆಯೇ ಎಂದು ಕೇಳಿದೆ.

“ಈಗಲೇ ಹೇಳ್ಲಿಕ್ಕೆ ಆಗುವುದಿಲ್ಲ. ಆಳದವರೆಗೆ ಕ್ಲೀನ್ ಮಾಡಿ ಕೊಡ್ತೇನೆ. ಆಮೇಲೆ ವಸಡು ಹಿಡಿದುಕೊಳ್ತದಾ ಇಲ್ವಾ ಅಂತ ಹೇಳುವುದು ನಿಮ್ಮ ಸಕ್ಕರೆ. ಮೂರು ತಿಂಗಳು ನೋಡುವ.”

ನಮ್ಮೂರ ಜೋಯಿಸರು ಕವಡೆ ಹಾಕಿ ಇದಕ್ಕಿಂತ ಗಟ್ಟಿಯಾಗಿ ಹೇಳುತ್ತಾರೆ ಎಂದು ಮನಸ್ಸಿನಲ್ಲೇ ಗೊಣಗಿದೆ. 

ಎರಡು ಸಲ ಹೋಗಿ ಕ್ಲೀನ್ ಮಾಡಿಸಿಕೊಂಡೆ. ನಾಲ್ಕು ದಿನ ಮೆತ್ತಗಿನದು ತಿನ್ನಿ, ಸದ್ಯಕ್ಕೆ ಊದಬೇಡಿ ಎಂದರು. ಮೆತ್ತಗಿನದು ಎಂದರೆ ನಮ್ಮ ಕಡೆ ಬೇರೇನು? ಕುಚ್ಚಲಕ್ಕಿ ಗಂಜಿ. ಜ್ವರಕ್ಕೂ ಅದೇ, ಬಾಣಂತಿಗೂ ಅದೇ. ಚಪಾತಿ ಕಚ್ಚಿದರೆ ಹಲ್ಲು ಕಿತ್ತು ಬಂದುಬಿಟ್ಟೀತೆಂಬ ಹೆದರಿಕೆಗೆ, ಮೂರು ಹೊತ್ತೂ ಗಂಜಿಯೇ ಸಾಕು ಎಂದು ಹೆಂಡತಿಗೆ ಹೇಳಿದವನು ನಾನೇ. ಅವಳು ಇನ್ನಷ್ಟು ಮೆತ್ತಗೆ ಬೇಯಿಸಿ, ಮೇಲಿನ ತಿಳಿನೀರನ್ನೂ ಬಿಡದೆ ಬಡಿಸಿದಳು. ನಾಲ್ಕು ದಿನ ಮೂರು ತಿಂಗಳಾಯಿತು. ಆ ಅಷ್ಟೂ ದಿನ ನಾಲಿಗೆ ಸುಮ್ಮನಿರಲಿಲ್ಲ. ಕೂತಲ್ಲಿ ನಿಂತಲ್ಲಿ ಆ ಎರಡು ಹಲ್ಲನ್ನು ತಳ್ಳಿ ಪರೀಕ್ಷೆ ಮಾಡುತ್ತಿತ್ತು. ಕಾರ್ಯಕ್ರಮಕ್ಕೆ ಕರೆದವರಿಗೆಲ್ಲ ಮನೆಯಲ್ಲಿ ಸೂತಕ ಎಂದು ಸುಳ್ಳು ಹೇಳಿದೆ. ಮೂರನೆಯ ಸಲ ಫೋನ್ ಇಟ್ಟಾಗ ಹೆಂಡತಿ, “ಇನ್ನು ಯಾರನ್ನು ಕೊಲ್ತೀರಿ?” ಎಂದು ಕೇಳಿದಳು.

ಬಿ.ಸಿ.ರೋಡಿನ ಲ್ಯಾಬಿನಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿ ಮತ್ತೆ ಮೂಡುಬಿದಿರೆಗೆ ಹೋದೆವು. ಮೊದಲು ಶೇಕಡಾ ಒಂಬತ್ತಿದ್ದದ್ದು ಈಗ ಹತ್ತು ದಾಟಿತ್ತು. ಕಡ್ಡಿಯ ಲೆಕ್ಕದಲ್ಲಿ ಏಳು ಏಳಾಗಿಯೇ ಇತ್ತು. ಏನು ಊಟ ಮಾಡುತ್ತೀರಿ ಎಂದು ಡಾಕ್ಟರು ಕೇಳಿದರು.

“ಅನ್ನ ಬಿಟ್ಟೇ ಬಿಟ್ಟಿದ್ದೇನೆ ಡಾಕ್ಟ್ರೇ. ಬರೀ ಗಂಜಿ,” ಎಂದೆ, ಸ್ವಲ್ಪ ಜಂಬದಿಂದಲೇ. ಹೆಂಡತಿಯೂ ತಲೆಯಾಡಿಸಿದಳು.

ಡಾಕ್ಟರು ಪೆನ್ಸಿಲ್ ಕೆಳಗಿಟ್ಟರು. “ಗಂಜಿ ಯಾವುದರಿಂದ ಮಾಡುವುದು?”

 ಗಂಜಿ ಎಂದರೆ ಗಂಜಿ. ಅದನ್ನು ಅನ್ನದ ಜಾತಿಗೆ ಸೇರಿಸಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಸಕ್ಕರೆ ಹೀಗೇ ಇದ್ದರೆ ಹಲ್ಲು ಉಳಿಯುವುದಿಲ್ಲ, ಇಳಿದರೆ ಆಸೆ ಇದೆ, ಇಷ್ಟನ್ನು ಈಗಲೇ ಹೇಳಬಲ್ಲೆ ಎಂದರು ಡಾಕ್ಟರು.

ಮನೆಗೆ ಮರಳುವಾಗ ಸಿದ್ದಕಟ್ಟೆಯ ದಾರಿಯ ಬಸ್ಸಿನಲ್ಲಿ ನನ್ನ ಹೆದರಿಕೆಯೆಲ್ಲ ಸಿಟ್ಟಾಯಿತು. ಮೂರು ಹೊತ್ತೂ ಬಡಿಸಿದ್ದು ನೀನಲ್ಲವೇ ಎಂದು ಪಕ್ಕದ ಸೀಟಿನವರಿಗೂ ಕೇಳುವಂತೆ ಹೆಂಡತಿಯನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಮದುವೆಯಲ್ಲಿ ರೀಡನ್ನು ಬೈದೆ, ಬಸ್ಸಿನಲ್ಲಿ ಇವಳನ್ನು. ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ನಮ್ಮೂರು ಬಂಟ್ವಾಳದಲ್ಲಿ ಇಳಿಯುವ ಮೊದಲೇ ನನಗೆ ನಾಚಿಕೆಯಾಗಿತ್ತು. ಹೇಳಲಿಲ್ಲ.

ಮರುದಿನದಿಂದ ಬಟ್ಟಲಲ್ಲಿ ಅರ್ಧ ಸೌಟು ಅನ್ನ, ಮೆತ್ತಗೆ ಬೇಯಿಸಿದ ಹೆಸರುಕಾಳು, ಹರಿವೆ ಸೊಪ್ಪು. ಅವಳೂ ಗಂಜಿ ಬಿಟ್ಟಳು. ಗಂಜಿ ಇಲ್ಲದೆ ಅವಳಿಗೆ ದಿನ ಹೋಗುವುದಿಲ್ಲ ಎಂದು ನನಗೆ ಗೊತ್ತು. ನಾನು ಬೆಳಿಗ್ಗೆ ನೇತ್ರಾವತಿಯ ಸೇತುವೆಯವರೆಗೆ ನಡೆದು ಬರುತ್ತಿದ್ದೆ, ಹೊತ್ತು ತಪ್ಪದೆ ಮಾತ್ರೆ ನುಂಗುತ್ತಿದ್ದೆ, ಡಾಕ್ಟರು ತೋರಿಸಿಕೊಟ್ಟಂತೆ ಎರಡು ಹೊತ್ತು ಹಲ್ಲುಜ್ಜುತ್ತಿದ್ದೆ. ಸ್ಯಾಕ್ಸೋಫೋನಿನ ಪೆಟ್ಟಿಗೆ ಕಪಾಟಿನ ಮೇಲಿತ್ತು. ಅತ್ತ ನೋಡುವುದನ್ನೇ ಬಿಟ್ಟಿದ್ದೆ.

ಮತ್ತೆ ಮೂರು ತಿಂಗಳಾದ ಮೇಲೆ ಒಬ್ಬನೇ ಹೋದೆ. ಹೆಂಡತಿಯನ್ನು ಕರೆಯಲು ನನಗೆ ಮುಖವಿರಲಿಲ್ಲ. ಸಕ್ಕರೆ ಏಳೂವರೆಗೆ ಇಳಿದಿತ್ತು. ಡಾಕ್ಟರು ಕಡ್ಡಿ ಇಳಿಸಿದರು. ಬಲದ ಹಲ್ಲು ನಾಲ್ಕು. ಎಡದ್ದು ಆರು. ಬಲದ ಹಲ್ಲಿನ ಮೇಲಿದ್ದ ಗುರುತನ್ನು ರಬ್ಬರಿನಿಂದ ಉಜ್ಜಿ ತೆಗೆದರು. ಎಡದ್ದನ್ನು ಹಾಗೆಯೇ ಬಿಟ್ಟರು.

“ದಿನಾ ಹತ್ತು ನಿಮಿಷ ಮೆಲ್ಲ ಊದಿ. ಎಡದ್ದರ ವಿಷಯ ಇನ್ನೂ ಮೂರು ತಿಂಗಳು ಕಳೆದು ಹೇಳ್ತೇನೆ.”

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಂದು ಉಳಿಯಿತು, ಇನ್ನೊಂದು ಗೊತ್ತಿಲ್ಲ ಎಂದೆ. ಅವಳು ಕೈ ತೊಳೆದು ಬಂದು, ಬಾಯಿ ತೆರೆಯಲು ಹೇಳಿ, ಬಲದ ಹಲ್ಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಆಮೇಲೆ ಎಡದ್ದನ್ನು. ಅದು ಕೂದಲೆಳೆಯಷ್ಟು ಸರಿಯಿತು. ನನಗೆ ಗೊತ್ತಾಯಿತು. ಅವಳ ಬೆರಳಿಗೂ ಗೊತ್ತಾಗಿರಬೇಕು.

“ಗಟ್ಟಿ ಉಂಟು,” ಎಂದಳು.

“ಗಂಜಿ ಸಾಕು ಅಂತ ಹೇಳಿದ್ದು ನಾನೇ,” ಎಂದೆ. ಮೂರು ತಿಂಗಳು ಬಾಯಲ್ಲಿ ಇಟ್ಟುಕೊಂಡಿದ್ದ ಮಾತು.

“ಅದು ನನಗೆ ಗೊತ್ತುಂಟು. ಈಗ ಊದಿ.”

ಕಪಾಟಿನ ಮೇಲಿನಿಂದ ಪೆಟ್ಟಿಗೆ ಇಳಿಸಿದೆ. ಮೌತ್‌ಪೀಸನ್ನು ಸ್ವಲ್ಪ ಓರೆ ಮಾಡಿ ಬಲದ ಹಲ್ಲಿಗೆ ಕೊಟ್ಟು, ಕೆಳಗಿನ ಷಡ್ಜವನ್ನು ಮೆಲ್ಲಗೆ ಹಿಡಿದೆ. ಅವಳು ನನ್ನ ಬೆರಳನ್ನೂ ನೋಡಲಿಲ್ಲ, ಕೆನ್ನೆಯನ್ನೂ ನೋಡಲಿಲ್ಲ. ಎಡದ ಹಲ್ಲನ್ನೇ ನೋಡುತ್ತಿದ್ದಳು.